ಮೇಷ್ಟ್ರು ಕಿತ್ತ ಸ್ವರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ನನ್ನ ದೊಡ್ಡಪ್ಪನ ಮಗನಿಗೇ ಆದದ್ದು. ಹಾರ್ಮೋನಿಯಂ ರಿಪೇರಿ ಅವನ ಕಸುಬು. ಒಂದು ಸ್ವರ ತಪ್ಪಿದರೂ ಅವನಿಗೆ ಗಂಟಲಲ್ಲಿ ಅನ್ನ ಇಳಿಯದು. ಶ್ರುತಿಪೆಟ್ಟಿಗೆ ಅಂತ ನಾವೆಲ್ಲ ರೇಗಿಸುತ್ತಿದ್ದೆವು.

ಅವತ್ತು ರಾತ್ರಿ ಚರ್ಚಿನ ಕೆಲಸ ಮುಗಿಸಿ, ಹಾಳುಬಾವಿ ದಾಟಿ ಮನೆಗೆ ಬರುತ್ತಿದ್ದ. ಬಾವಿಯೊಳಗಿಂದ ಸದ್ದು... ಗುಸ್... ಗುಸ್... ತಿದಿ ತುಳಿದ ಸದ್ದು. ಹಿಂದೆಯೇ ಒಂದು ರಾಗ. ಸಂಜೆ ಅವನೇ ನುಡಿಸಿದ್ದ ರಾಗ!

ಸಂಜೆ ಆದದ್ದು ಇಷ್ಟು. ಚರ್ಚಿನಲ್ಲಿ ಕಾಲಿನಿಂದ ತುಳಿದು ನುಡಿಸುವ ಹಳೇ ಹಾರ್ಮೋನಿಯಂ ಇತ್ತು. ಎಲ್ಲ ಸರಿಹೋದರೂ ಒಂದು ಕೀ ಮಾತ್ರ ಮೂಕ. ಬಿಚ್ಚಿ ನೋಡಿದರೆ ದನಿ ಹೊರಡಿಸುವ ಹಿತ್ತಾಳೆ ರೀಡೇ ಇಲ್ಲ. ಹೊಸದನ್ನು ಕೂರಿಸಲು ಹೋದಾಗ ಗಂಟೆ ಹೊಡೆಯುವ ಮುದುಕ ಕೈ ಹಿಡಿದುಕೊಂಡ.

"ಅದೊಂದು ಬಿಟ್ಬಿಡಪ್ಪ. ನೂರೈವತ್ತು ವರ್ಷದ ಹಿಂದೆ ಇದನ್ನ ನುಡಿಸ್ತಿದ್ದ ಮೇಷ್ಟ್ರು, ಉಬ್ಬಸದ ಮಗಳಿಗೋಸ್ಕರ ಒಂದು ಕೀರ್ತನೆಗೆ ರಾಗ ಕಟ್ಟಿದ್ರು. ಕೊನೇ ಸ್ವರ ನುಡಿಸ್ತಿದ್ದ ಹಾಗೇ ಮಗು ಉಸಿರು ನಿಂತೋಯ್ತು. ಆ ರೀಡನ್ನ ಅವರೇ ಕಿತ್ತು ಆ ಹಾಳುಬಾವಿಗೆ ಎಸೆದ್ರು. ಇವತ್ತಿಗೂ ಆ ಸ್ವರ ನಾವು ಬಾಯಲ್ಲಷ್ಟೇ ಹಾಡೋದು."

"ಹಲ್ಲುದುರಿದ ಪೆಟ್ಟಿಗೆ ಕೊಟ್ಟು ಹೋದ್ರೆ ನನ್ನ ಮಾನ ಉಳಿಯತ್ತಾ ತಾತ?"

ಮುದುಕ ಅತ್ತ ಹೋದದ್ದೇ ತಡ, ರೀಡು ಕೂರಿಸಿದ. ಪರೀಕ್ಷೆಗೆಂದು, ಚರ್ಚಿನಲ್ಲಿ ಹಾಡುವುದನ್ನು ಕೇಳಿ ಗೊತ್ತಿದ್ದ ಅದೇ ಕೀರ್ತನೆ ನುಡಿಸಿದ. ಕೊನೆಯವರೆಗೂ.

ಈಗ ಬಾವಿಯ ರಾಗ ಕೊನೇ ಸ್ವರಕ್ಕೆ ಮುಂಚೆ ನಿಂತಿತು... ಕಿವಿಯ ಹತ್ತಿರವೇ ಪಿಸುದನಿ.

"ನಿನಗೂ ಮಗಳಿದ್ದಾಳಲ್ಲ..."

ಇದ್ದಳು. ಆರು ವರ್ಷದವಳು. ಅವಳಿಗೂ ಉಬ್ಬಸ.

ಜೀವ ಮನೆಗೆ ಎಳೆಯುತ್ತಿತ್ತು, ಆದರೂ ಚರ್ಚಿಗೇ ಓಡಿದ. ಸ್ಟೂಲಿನ ಮೇಲೆ ಯಾರೂ ಇಲ್ಲ. ತುಳಿಯುವ ಹಲಗೆಗಳು ತಾವಾಗಿ ಏಳುತ್ತಿದ್ದವು, ಇಳಿಯುತ್ತಿದ್ದವು. ಆ ಒಂದು ಕೀ ಕೆಳಗೆ ಕಚ್ಚಿಕೊಂಡಿತ್ತು. ಕುಂಯ್ಯ್... ಸಣ್ಣಗೆ, ಮುಗಿಯದ ಹಾಗೆ. ಕೊಕ್ಕೆ ಹಾಕಿ ರೀಡು ಕಿತ್ತ. ಸದ್ದು ನಿಂತಿತು. ಬರುವಾಗ ಅದನ್ನು ಬಾವಿಗೆ ಎಸೆದ. ಬಿದ್ದ ಸದ್ದು ಕೇಳಲಿಲ್ಲ.

ಅತ್ತಿಗೆ ಬಾಗಿಲಲ್ಲೇ ಮಗುವನ್ನು ತಬ್ಬಿ ಕೂತಿದ್ದಳು. "ನಿಂತೇ ಹೋಗಿತ್ತು ಕಣ್ರೀ ಉಸಿರು... ಈಗ ತಾನೇ ಬಂತು."

ಅಣ್ಣ ಮಗಳ ಎದೆಗೆ ಕಿವಿಯಿಟ್ಟು ಗೊಳೋ ಎಂದು ಅತ್ತ. ಅಳುತ್ತಲೇ ತಲೆಯೆತ್ತಿ, ಮತ್ತೆ ಕಿವಿಯಿಟ್ಟ. ಮಗು ಉಸಿರು ಬಿಟ್ಟಾಗೆಲ್ಲ ಕುಂಯ್... ಕುಂಯ್... ಅದೇ ಸ್ವರ. ರಿಪೇರಿ ಸಾಮಾನಿನ ಪೆಟ್ಟಿಗೆಯಿಂದ ಅದೇ ಸ್ವರದ ಇನ್ನೊಂದು ರೀಡು ತೆಗೆದು ಊದಿ, ತಾಳೆ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಅವಳಿಗೀಗ ಹದಿನಾಲ್ಕು. ಎದೆ ಚೊಕ್ಕವಾಗಿದೆ ಅಂತಾರೆ ಡಾಕ್ಟರು. ಸ್ವರ ಮಾತ್ರ ಹೋಗಿಲ್ಲ. ಅಣ್ಣ ರಾತ್ರಿ ಮಲಗುವುದನ್ನೇ ಬಿಟ್ಟಿದ್ದಾನೆ. ಅದು ನಿಲ್ಲದೆ ಇರಲಿ ಅಂತ ಕೇಳುತ್ತಾ ಕೂತಿರುತ್ತಾನೆ. ಸುಳ್ಳಲ್ಲ, ಒಂದು ರಾತ್ರಿ ನಾನೂ ಅವನ ಪಕ್ಕದಲ್ಲಿ ಕೂತು ಕೇಳಿದ್ದೇನೆ.