ಉಪ್ಪಿನ ಡಬ್ಬಿಯ ಹಸಿರು ಹೆಂಚು

ಆ ಬೆಳಿಗ್ಗೆ ಗಾಳಿ ನಿಂತಿತ್ತು; ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಹೊಸದಾಗಿ ಮತ್ತೆ ಕಟ್ಟಿ ನಿಲ್ಲಿಸಿದ ಮಂಗೋಲ್ ಖಾನರ ರಾಜಧಾನಿಯ ಹೆಬ್ಬಾಗಿಲಲ್ಲಿ ಖಾಂಡ್ಮಾ ಟಿಕೆಟ್ ಕೊಡಲು ಕೂತಿದ್ದಳು. ಕಿಂಡಿಯ ಮುಂದೆ ಸಾಲಿನಲ್ಲಿದ್ದ ಕುರಿಗಾಹಿ ಗೊಂಬೊ ಮತ್ತು ಅವನ ಹೆಂಡತಿಯ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಕುರಿ ಬಿಟ್ಟು ಒಂದಿನ ಕದಲದೋರು, ಇವತ್ತು ಗೋಡೆ ನೋಡೋಕೆ ಬಂದ್ರಾ?”

“ಎಲ್ಲಾರೂ ನೋಡ್ತಾರಲ್ಲ, ದುಲ್ಮಾ.”

“ಅಂಗಿ ಒಳಗೆ ಏನದು ಉಬ್ಬಿರೋದು?”

“ಒಣಮೊಸರು.”

“ಒಣಮೊಸರಿಗೆ ಮೂಲೆ ಇರುತ್ತೇನ್ರೀ? ಉಪ್ಪಿನ ಡಬ್ಬಿ ಮುಚ್ತಿದ್ದ ಹಸಿರು ಹೆಂಚು ನಿನ್ನೆಯಿಂದ ಕಾಣ್ತಿಲ್ಲ. ಪ್ರವಾಸಿಗಳಿಗೆ ಮಾರೋಕೆ ತಂದಿದ್ದೀರಿ. ಮಾವನೋರ ವಸ್ತು ಅದು!”

“ಮೆಲ್ಲಗೆ ಮಾತಾಡೇ.”

“ಕಳ್ಳರು ಮೆಲ್ಲಗೆ ಮಾತಾಡೋದು.”

“ಕದ್ದಿದ್ದು ನಾನಲ್ಲ, ನಮ್ಮಪ್ಪ. ಎಳೇ ವಯಸ್ಸಲ್ಲಿ ಆಚೆಯ ಹಳೇ ರಾಜಧಾನಿ ದಿಬ್ಬ ಅಗೆದು ತಂದಿದ್ದು. ಉಸಿರು ಹೋಗೋ ಮುಂಚೆ ‘ಬಂದ ಜಾಗಕ್ಕೇ ಸೇರಿಸು’ ಅಂದ್ರು. ದಿಬ್ಬಕ್ಕೀಗ ಬೇಲಿ ಹಾಕಿದ್ದಾರೆ, ಈ ಕಿಂಡಿಯೋರ ಕೈಗೇ ಕೊಡ್ಬೇಕು. ಅವ್ರು ಹೋಗಿ ಇವತ್ತಿಗೆ ಎಷ್ಟನೇ ದಿನ?”

“ನಲವತ್ತೊಂಬತ್ತು,” ಎಂದಳು ದುಲ್ಮಾ. ಅವರ ನಂಬಿಕೆಯಲ್ಲಿ ಹೋದ ಜೀವ ಹೊಸ ಜನ್ಮದ ದಾರಿ ಹಿಡಿಯುವ ಕಡೆಯ ದಿನ ಅದು. “ಮೊದ್ಲೇ ಹೇಳೋಕೇನಾಗಿತ್ತು?”

“ನಿಂಗೆ ಮಾವ ಅಂದ್ರೆ ದೇವ್ರು. ಹೆಂಗೆ ಹೇಳ್ಲಿ?”

ದುಲ್ಮಾ ಗಂಡ ಮಡಚಿಕೊಂಡಿದ್ದ ಅಂಗಿಯ ತೋಳುಗಳನ್ನು, ಹಿರಿಯರಿಗೆ ಕಾಣಿಕೆ ಕೊಡುವಾಗ ಮಾಡುವಂತೆ, ಮಣಿಕಟ್ಟಿನವರೆಗೆ ಎಳೆದು ಸರಿಮಾಡಿದಳು. ಗೊಂಬೊ ಎರಡೂ ಕೈಗಳಲ್ಲಿ ಹೆಂಚನ್ನು ಖಾಂಡ್ಮಾಳ ಕೈಗಿಟ್ಟ. ಇಬ್ಬರೂ ಟಿಕೆಟ್ ಕೇಳದೆ ಕುದುರೆಗಳ ಕಡೆ ನಡೆದರು. ಹೆಂಚಿಗೆ ಇನ್ನೂ ಉಪ್ಪು ಅಂಟಿತ್ತು.