ಬಿಳಿ ಹಾಸಿನ ಮೇಲೆ ಕರಿ ಕೂದಲು

ಹೂಂಗುಟ್ಟೋರು ಮುಂದೆ ಬನ್ನಿ. ತೂಕಡಿಸೋರು ಗೋಡೆಗೆ ಒರಗಿ. ಮಧ್ಯದಲ್ಲಿ ಎದ್ದು ಹೋಗೋರಿದ್ರೆ ಈಗಲೇ ಹೋಗಿಬಿಡಿ, ಈ ಕತೆ ಅರ್ಧ ಕೇಳಿದೋರಿಗೆ ಅನ್ನ ಸೇರಲ್ಲ.

ಒಂದು ಸೀಮೆ ಇತ್ತು. ಅದಕ್ಕೆ ಹೆಸರಿಲ್ಲ. ಗುಡ್ಡ ಇತ್ತು, ಹುಲ್ಲಿತ್ತು, ಹುಲ್ಲಿನ ಮೇಲೆ ಕುರಿ ಇದ್ವು. ಆ ಸೀಮೆಯ ಒಂದು ಹಟ್ಟಿಯಲ್ಲಿ ಕಾಟವ್ವ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಉಣ್ಣೆ ಬಡಿದು ಹಾಸು ಮಾಡೋದು ಅವಳ ಕಸುಬು.

ಹಾಸು ಅಂದ್ರೆ ಕಂಬಳಿ ಅಲ್ಲ, ಕೇಳಿ. ಕಂಬಳಿಗೆ ನೂಲು ಬೇಕು, ಮಗ್ಗ ಬೇಕು. ಹಾಸು ಮಾಡೋದಕ್ಕೆ ಎರಡೂ ಬೇಡ. ಉಣ್ಣೆಯನ್ನ ಬಿಲ್ಲಿನಿಂದ ಬಡಿದು ಹತ್ತಿಯ ಹಾಗೆ ಅರಳಿಸಬೇಕು. ಚಾಪೆ ಮೇಲೆ ಪದರ ಪದರವಾಗಿ ಹರಡಬೇಕು. ಅಂಟುವಾಳ ಕಾಯಿ ಕಿವುಚಿದ ಬಿಸಿನೀರು ಚಿಮುಕಿಸಬೇಕು. ಆಮೇಲೆ ಚಾಪೆ ಸಮೇತ ಒಂದು ಕೋಲಿಗೆ ಸುತ್ತಿ, ಹಗ್ಗ ಬಿಗಿದು, ಉರುಳಿಸಬೇಕು. ಕಾಲಲ್ಲಿ ಉರುಳಿಸು, ಮೊಣಕೈಯಲ್ಲಿ ಉರುಳಿಸು, ಬಿಚ್ಚಿ ಮರದ ಕೊಡತಿಯಿಂದ ಬಡಿ, ಮತ್ತೆ ಸುತ್ತು. ಉಣ್ಣೆ ಉಣ್ಣೆಯನ್ನ ಕಚ್ಚಿ ಹಿಡೀತದೆ. ಮೊಣಕಾಲುದ್ದ ಎದ್ದಿದ್ದ ಉಣ್ಣೆ ಬೆರಳು ದಪ್ಪ ಆಗ್ತದೆ. ನೀರು ಹೊಯ್ದರೂ ಇಳಿಯಲ್ಲ, ಚಾಕು ಹಾಕಿದರೂ ಸುಲಭಕ್ಕೆ ಹರಿಯಲ್ಲ.

ಕಾಟವ್ವನಿಗೆ ಒಬ್ಬಳೇ ಮಗಳು, ಬೊಮ್ಮಕ್ಕ. ಅವಳನ್ನ ಎರಡು ಗುಡ್ಡದಾಚೆ, ದೊಡ್ಡ ಹಟ್ಟಿಗೆ ಕೊಟ್ಟಿದ್ದಳು. ಆ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಣ್ಣ ದೊಡ್ಡೀರ, ತಮ್ಮ ಚಿಕ್ಕೀರ. ಬೊಮ್ಮಕ್ಕ ಚಿಕ್ಕೀರನ ಹೆಂಡತಿ. ಅವರ ತಾಯಿ ತಿಪ್ಪವ್ವ, ಮಾತು ಕಮ್ಮಿ, ಮುಖದಲ್ಲಿ ನಗು ಇನ್ನೂ ಕಮ್ಮಿ. ಕಾಟವ್ವನಿಗೆ ಈ ಬೀಗಿತ್ತಿಯನ್ನ ಕಂಡರೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಒಂದು ವರ್ಷ ದೊಡ್ಡೀರ ಹೇಳಿ ಕಳಿಸಿದ. ದೊಡ್ಡ ಹಟ್ಟಿಗೆ ತನ್ನನ್ನ ಯಜಮಾನ ಮಾಡ್ತಾರಂತೆ, ಏಳು ಹಟ್ಟಿ ಹಿರಿಯರು ಬಂದು ಕೂರ್ತಾರಂತೆ, ಅವರು ಕೂರೋದಕ್ಕೆ ಒಂದು ಬಿಳಿ ಹಾಸು ಬೇಕಂತೆ. ಉಣ್ಣೆ ನಮ್ಮ ಮನೆಯಿಂದಲೇ ಕಳಿಸ್ತೀವಿ ಅಂದ. ಮಗಳು ಹೇಗಿದಾಳೆ ಅಂತ ಕಾಟವ್ವ ಆ ಮಾತು ತಂದ ಗಾಡಿಯವನನ್ನ ಕೇಳಿದಳು. ಗಂಡ ಹೆಂಡತಿ ಇಬ್ಬರೂ ಮಂದೆ ಹೊಡಕೊಂಡು ದೂರದ ಹುಲ್ಲುಗಾವಲಿಗೆ ಹೋಗಿದಾರಂತೆ ಅಂದ ಅವನು. ಬೊಮ್ಮಕ್ಕ ಬಸುರಿ. ಬಸುರಿ ಹೆಂಗಸನ್ನ ಯಾರಾದರೂ ಮಂದೆ ಹಿಂದೆ ಕಳಿಸ್ತಾರಾ? ಕಾಟವ್ವನಿಗೆ ಒಂಥರಾ ಆಯ್ತು. ಆದರೆ ಕೊಟ್ಟ ಮನೆಯ ವಿಚಾರ. ಸುಮ್ಮನಾದಳು.

ಮೊದಲನೇ ಮೂಟೆ ಬಂತು. ಬಿಡಿಸಿ, ಅರಳಿಸಿ, ಹರಡಿ, ನೀರು ಚಿಮುಕಿಸಿ, ಉರುಳಿಸಿದಳು. ಬಿಚ್ಚಿ ನೋಡಿದರೆ ಬಿಳಿ ಉಣ್ಣೆಯ ಮೇಲೆ ಐದಾರು ಕರಿ ಎಳೆ. ಕಾಟವ್ವನಿಗೆ ಇದು ಹೊಸದಲ್ಲ. ಮನುಷ್ಯರ ಕೂದಲು ಉಣ್ಣೆಯ ಜೊತೆ ಕಲೆಯಲ್ಲ. ಎಷ್ಟು ಬಡಿದರೆ ಅಷ್ಟು ಉಣ್ಣೆ ಅದನ್ನ ಹೊರಗೆ ನೂಕ್ತದೆ. ಕುರಿ ಕತ್ತರಿಸೋ ಹೆಂಗಸರ ತಲೆಯಿಂದ ಉದುರಿರಬೇಕು ಅಂದುಕೊಂಡು ಆರಿಸಿ ಬಿಸಾಕಿದಳು.

ಎರಡನೇ ಮೂಟೆ ಬಂತು. ಬಿಡಿಸಿ, ಅರಳಿಸಿ, ಹರಡಿ, ನೀರು ಚಿಮುಕಿಸಿ, ಉರುಳಿಸಿದಳು. ಬಿಚ್ಚಿದರೆ ಒಂದು ಹಿಡಿ ಕೂದಲು. ಮೊಳದುದ್ದ. ತುದಿ ನೋಡಿದಳು. ಉದುರಿದ ಕೂದಲಿಗೆ ಬುಡ ಇರ್ತದೆ. ಇವಕ್ಕೆ ಬುಡ ಇರಲಿಲ್ಲ. ಕತ್ತರಿಸಿದ್ದು. ಅವತ್ತು ಅವಳು ಮುದ್ದೆ ತಿರುವಲಿಲ್ಲ.

ಮೂರನೇ ಮೂಟೆ ಬಂತು. ಅದನ್ನ ಅರಳಿಸೋದಕ್ಕೂ ಆಗಲಿಲ್ಲ. ಬಿಲ್ಲಿನ ತಂತಿ ಏನಕ್ಕೋ ಸಿಕ್ಕಿ ನಿಂತಿತು. ಕೈ ಹಾಕಿ ಎಳೆದಳು. ಒಂದು ಇಡೀ ಜಡೆ ಕೈಗೆ ಬಂತು. ಹೆಣೆದದ್ದು ಹೆಣೆದ ಹಾಗೇ ಇತ್ತು. ನಡುವೆ ತಾಮ್ರದ ಬಣ್ಣದ ಒಂದು ಎಳೆ.

ಬೊಮ್ಮಕ್ಕನಿಗೆ ಎಡಗಿವಿಯ ಹಿಂದೆ ಹುಟ್ಟಿದಾಗಿಂದ ಒಂದು ಗುಂಪು ಕೂದಲು ಕೆಂಪು. ಎಣ್ಣೆ ಹಚ್ಚಿ ಹಚ್ಚಿ ಕಾಟವ್ವನ ಬೆರಳಿಗೆ ಆ ಜಾಗ ಗೊತ್ತು.

ಕಾಟವ್ವ ಜಡೆಯನ್ನ ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಳು. ಒಲೆ ಮೇಲೆ ನೀರು ಕುದಿದು ಕುದಿದು ಆರಿತು, ಪಾತ್ರೆ ಸೀದಿತು, ಅವಳಿಗೆ ಗೊತ್ತಾಗಲಿಲ್ಲ. ಬದುಕಿರೋ ಮುತ್ತೈದೆ ಜಡೆಯನ್ನ ಯಾರು ಕೊಯ್ತಾರೆ, ನೀವೇ ಹೇಳಿ. ಮಗಳು ಸತ್ತಳು ಅಂತಲೇ ಅವಳ ಮನಸ್ಸಿಗೆ ಬಂತು. ಸಾಯಿಸಿದಾರೆ ಅಂತ ಬಂತು.

ಎದ್ದವಳು ಚಪ್ಪಲಿಯನ್ನೂ ಮೆಟ್ಟಲಿಲ್ಲ. ಎರಡು ಗುಡ್ಡ ಹತ್ತಿ ಇಳಿದು ದೊಡ್ಡ ಹಟ್ಟಿಗೆ ಬಂದಳು. ದೊಡ್ಡೀರ ಜಗಲಿ ಮೇಲಿದ್ದ. ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟ. ತಮ್ಮನೂ ಬೊಮ್ಮಕ್ಕನೂ ದೂರ ಹೋಗಿದಾರೆ, ಇನ್ನೆರಡು ತಿಂಗಳಲ್ಲಿ ಬರ್ತಾರೆ, ನೀವೇನೂ ಯೋಚನೆ ಮಾಡಬೇಡಿ ಅಂದ. ಮಾತು ಬೆಣ್ಣೆ ಹಾಗಿತ್ತು. ಅವನ ಹಿಂದೆ ಇಬ್ಬರು ಆಳುಗಳು, ಎರಡು ದೊಡ್ಡ ನಾಯಿ. ಕಾಟವ್ವ ಕೂದಲಿನ ಮಾತೆತ್ತಲಿಲ್ಲ. ಎತ್ತಿದರೆ ತಾನೂ ಇಲ್ಲಿಂದ ವಾಪಸು ಹೋಗಲ್ಲ ಅಂತ ಅವಳಿಗೆ ಅನಿಸಿತು.

ಆಗ ಒಳಗಿಂದ ತಿಪ್ಪವ್ವ ಬಂದಳು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ.

"ಕೆಲಸ ಬಿಟ್ಟು ಯಾಕೆ ಬಂದೆ ಬೀಗ್ತಿ? ಐದು ದಿನಕ್ಕೆ ಹಿರಿಯರು ಕೂರ್ತಾರೆ. ಹೋಗು, ಹಾಸು ಮುಗಿಸು. ಗಾಡಿಗೆ ಹಾಕಿ ಕಳಿಸಬೇಡ, ನೀನೇ ತಂದು ಹಾಸು. ಕೊಡತಿನೂ ತಗೊಂಡು ಬಾ. ಸರಿಯಾಗಿ ಬಡಿದಿಲ್ಲ ಅಂದ್ರೆ ಎಲ್ಲರ ಮುಂದೇನೇ ಬಡಿಸ್ತೀನಿ."

ಇಷ್ಟು ಹೇಳಿ ಒಳಗೆ ಹೋದಳು. ಕಾಟವ್ವನ ಎದೆ ಉರಿದು ಹೋಯ್ತು. ಮಗಳನ್ನ ತಿಂದ ಮನೆಯವರು ಹಾಸಿನ ಹದ ನೋಡ್ತಾರಲ್ಲ ಅಂತ ದಾರಿಯುದ್ದಕ್ಕೂ ಕುದಿದಳು. ಮೊದಲನೇ ಗುಡ್ಡ ದಾಟಿದಳು. ಎರಡನೇ ಗುಡ್ಡದ ಮೇಲೆ ನಿಂತುಬಿಟ್ಟಳು. ಎಲ್ಲರ ಮುಂದೆ ಬಡಿಯೋದು. ಆ ಮುದುಕಿ ಬೈಯೋದಕ್ಕೆ ಅಂದಿದ್ದಳೋ, ಇನ್ನೇತಕ್ಕೋ, ಕಾಟವ್ವನಿಗೆ ಗೊತ್ತಾಗಲಿಲ್ಲ. ಆದರೆ ಮಾತು ತಲೆಯಲ್ಲಿ ಕೂತಿತು.

ಮನೆಗೆ ಬಂದು ಹೊಸದಾಗಿ ಉಣ್ಣೆ ಹರಡಿದಳು. ಒಂದು ಪದರ, ಎರಡು ಪದರ, ಮೂರು ಪದರ. ಆಮೇಲೆ ಮಗಳ ಜಡೆಯನ್ನ ಬಿಚ್ಚಿದಳು. ಕೊನೇ ಸಲ ಬಾಚಿದ ಹಾಗೆ ಬೆರಳಲ್ಲಿ ಬಾಚಿ ಎಳೆ ಎಳೆಯಾಗಿ ಹರಡಿದಳು. ಮೇಲೆ ತೆಳ್ಳಗೆ ಒಂದು ಪದರ ಉಣ್ಣೆ. ನೀರು ಚಿಮುಕಿಸಿ ಹಗುರಕ್ಕೆ ಉರುಳಿಸಿದಳು, ಹಿಡಿದುಕೊಳ್ಳೋಷ್ಟು ಮಾತ್ರ. ಜೀವಮಾನದಲ್ಲಿ ಮೊದಲನೇ ಸಲ ಹಾಸನ್ನ ಅರ್ಧ ಹದಕ್ಕೆ ಬಿಟ್ಟಳು.

ಐದನೇ ದಿನ ಬೆಳಿಗ್ಗೆ ಏಳು ಹಟ್ಟಿ ಹಿರಿಯರು ಬಂದು ಬೇವಿನ ಮರದಡಿ ಸೇರಿದರು. ಜನ ಸುತ್ತ ನಿಂತರು. ದೊಡ್ಡೀರ ಹೊಸ ರುಮಾಲು ಸುತ್ತಿದ್ದ. ಕಾಟವ್ವ ಹಾಸು ಬಿಚ್ಚಿದಳು. ಹಾಲು ಚೆಲ್ಲಿದ ಹಾಗೆ ಬಿಳಿ. ಹಿರಿಯರಲ್ಲಿ ಒಬ್ಬ ಕೂರೋದಕ್ಕೆ ಹೋದ. ಕಾಟವ್ವ ತಡೆದಳು. ಇನ್ನೊಂದು ಹದ ಬಾಕಿ ಇದೆ, ಬಿಸಿನೀರು ತರಿಸಿ ಅಂದಳು. ನೀರು ತಂದುಕೊಟ್ಟವಳು ತಿಪ್ಪವ್ವ.

ಕಾಟವ್ವ ನೀರು ಹೊಯ್ದಳು. ಮಂಡಿಯೂರಿ ಕೊಡತಿ ಎತ್ತಿದಳು. ಬಡಿದಳು. ಸುತ್ತಿ ಉರುಳಿಸಿದಳು, ಬಿಚ್ಚಿ ಬಡಿದಳು. ಏನೂ ಇಲ್ಲ. ಮತ್ತೆ ಸುತ್ತಿ ಉರುಳಿಸಿದಳು, ಬಿಚ್ಚಿ ಬಡಿದಳು. ಹಾಸಿನ ಮೇಲೆ ಗೆರೆ ಎಳೆದ ಹಾಗೆ ಒಂದು ಕರಿ ಎಳೆ. ಜನ ಕತ್ತು ಚಾಚಿದರು. ಮೂರನೇ ಸಲ ಸುತ್ತಿ ಉರುಳಿಸಿದಳು, ಬಿಚ್ಚಿ ಬಡಿದಳು. ಬಡಿದ ಬಡಿದ ಕಡೆಯೆಲ್ಲ ಕೂದಲು ಮೇಲೆದ್ದಿತು. ಆ ಬಿಳಿ ಹಾಸಿನ ತುಂಬ ಹೆಣ್ಣಿನ ಕೂದಲು, ನೀರು ತೊಟ್ಟಿಕ್ಕುತ್ತ, ಮಣ್ಣಲ್ಲಿ ಹುಲ್ಲೆದ್ದ ಹಾಗೆ ಎದ್ದಿತು.

ಕೂರೋದಕ್ಕೆ ಬಂದಿದ್ದ ಹಿರಿಯ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಇದು ಯಾರ ಕೂದಲು ಅಂತ ಕೇಳಿದ.

ದೊಡ್ಡೀರ ಮಧ್ಯೆ ಬಾಯಿ ಹಾಕಿದ. ಕುರಿ ಕತ್ತರಿಸೋಕೆ ಬಂದ ಹೆಂಗಸರದು ಇರಬೇಕು ಅಂದ. ಅವನ ದನಿ ಸಣ್ಣಗಾಗಿತ್ತು.

"ನನ್ನ ಮಗಳದು," ಅಂದಳು ಕಾಟವ್ವ. "ಇವರ ಮನೆಯ ಉಣ್ಣೆ ಕೋಣೆಯಿಂದ ಮೂರು ಮೂಟೆ ಬಂತು. ಮೂರರಲ್ಲೂ ಬಂತು. ಆ ಕೋಣೆ ತೆಗೆಸಿ. ಹೆಣ ಇದ್ದರೆ ಹೆಣ ಕೊಡಿ."

ಬೀಗದ ಕೈ ಕಳೆದು ಹೋಗಿದೆ ಅಂದ ದೊಡ್ಡೀರ. ಬಾಗಿಲು ಒಡೀರಿ ಅಂದ ಒಬ್ಬ ಹಿರಿಯ. ನಾಯಿಗಳು ಬೊಗಳಿದವು, ಆಳುಗಳು ಅಡ್ಡ ನಿಂತರು, ಜನ ಕೋಲು ಹಿಡಿದರು. ಅಷ್ಟರಲ್ಲಿ ತಿಪ್ಪವ್ವ ಜನರ ನಡುವಿಂದ ಬಂದಳು. ಸೊಂಟದ ಗಂಟು ಬಿಚ್ಚಿದಳು. ಬೀಗದ ಕೈಯನ್ನ ಆ ಒದ್ದೆ ಹಾಸಿನ ಮೇಲೆ ಇಟ್ಟಳು.

ದೊಡ್ಡೀರ ತಾಯಿಯ ಮುಖ ನೋಡಿದ. ತಾಯಿ ಅವನ ಮುಖ ನೋಡಲಿಲ್ಲ.

ಉಣ್ಣೆ ಕೋಣೆ ಬಾಗಿಲು ತೆರೆದರು. ಒಳಗೆ ಮೂಟೆಗಳ ಸಂದಿಯಲ್ಲಿ ಬೊಮ್ಮಕ್ಕ ಕೂತಿದ್ದಳು. ಜೀವಂತ. ತಲೆ ಮೇಲೆ ಕುರಿ ಕತ್ತರಿಸಿದ ಹಾಗೆ ತಗ್ಗುದಿಣ್ಣೆ ಕೂದಲು, ಹೊಟ್ಟೆ ತುಂಬು ಏಳು ತಿಂಗಳು. ಬೆಳಕಿಗೆ ಕಣ್ಣು ಬಿಡೋದಕ್ಕಾಗದೆ ಕೈ ಅಡ್ಡ ಹಿಡಿದಳು. ಮಗಳ ಹೆಣ ಹುಡುಕೋದಕ್ಕೆ ಬಂದಿದ್ದ ಕಾಟವ್ವನಿಗೆ ಮಗಳನ್ನ ಮುಟ್ಟೋದಕ್ಕೆ ಧೈರ್ಯ ಬರಲಿಲ್ಲ, ಕೇಳಿ. ಮುಟ್ಟಿದರೆ ಇಲ್ಲವಾಗ್ತಾಳೇನೋ ಅಂತ ಬಾಗಿಲಲ್ಲೇ ನಿಂತಳು. ಕೊನೆಗೆ ಬೊಮ್ಮಕ್ಕನೇ "ಅವ್ವಾ" ಅಂದಳು.

ಆಮೇಲೆ ಒಂದೊಂದೇ ಹೊರಗೆ ಬಂತು. ಚಿಕ್ಕೀರ ಎಲ್ಲೂ ಹೋಗಿರಲಿಲ್ಲ. ಮಂದೆ ಕಾಯುವಾಗ ಹಾವು ಕಚ್ಚಿ ಸತ್ತಿದ್ದ. ದೊಡ್ಡೀರ ಅಲ್ಲೇ ಹುಗಿದು ಬಂದಿದ್ದ, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅರ್ಧ ಮಂದೆ ತಮ್ಮನ ಮಗುವಿಗೆ ಹೋಗ್ತಿತ್ತು. ಮಗು ಹುಟ್ಟೋವರೆಗೆ ಬೊಮ್ಮಕ್ಕನನ್ನ ಕೂಡಿಹಾಕಿದ್ದ. ಹುಟ್ಟಿದ ಮೇಲೆ? ಅದನ್ನ ಬೊಮ್ಮಕ್ಕ ಹೇಳಿದಳು. ಬಾಗಿಲಾಚೆ ಆಳುಗಳ ಜೊತೆ ಅವನು ಮಾತಾಡಿದ್ದನ್ನ ಕೇಳಿಸಿಕೊಂಡಿದ್ದಳು. ಕುರಿಮರಿ ಸತ್ತರೆ ಯಾರು ಲೆಕ್ಕ ಕೇಳ್ತಾರೆ ಅಂದಿದ್ದನಂತೆ.

ಕೇಳಿದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಹಿರಿಯ ಬೊಮ್ಮಕ್ಕನನ್ನ ಕೇಳಿದ, ಕೂದಲು ಮೂಟೆಗೆ ಹಾಕಿದ್ದು ನೀನೇನಮ್ಮ ಅಂತ. ಅವಳು ಅಲ್ಲ ಅಂತ ತಲೆಯಾಡಿಸಿದಳು. ಮೂಟೆ ತುಂಬುವಾಗ ತನ್ನನ್ನ ಕೈಕಟ್ಟಿ ಮೂಲೆಗೆ ಕೂರಿಸ್ತಿದ್ದರು ಅಂದಳು. ಹಾಗಾದರೆ ಯಾರು?

"ನಾನು," ಅಂದಳು ತಿಪ್ಪವ್ವ. "ಊಟ ಕೊಡೋಕೆ ಹೋದಾಗ ಕೊಯ್ದೆ. ಮೊದಲು ಐದಾರು ಎಳೆ ಹಾಕಿದೆ, ಬೀಗ್ತಿಗೆ ತಿಳೀಲಿಲ್ಲ. ಒಂದು ಹಿಡಿ ಹಾಕಿದೆ, ಬರಲಿಲ್ಲ. ಆಮೇಲೆ ಜಡೇನೇ ಹಾಕಿದೆ."

ಬೀಗದ ಕೈ ನಿನ್ನ ಹತ್ತಿರವೇ ಇತ್ತಲ್ಲ, ಬಿಟ್ಟು ಕಳಿಸಬಹುದಿತ್ತಲ್ಲ ಅಂದರು. ತುಂಬು ಬಸುರಿ ಎಷ್ಟು ದೂರ ಓಡ್ತಾಳೆ, ಅವನ ನಾಯಿಗಳು ಎಷ್ಟು ದೂರ ಓಡ್ತಾವೆ ಅಂದಳು ತಿಪ್ಪವ್ವ. ನಮಗಾದರೂ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂದರು. ಅದಕ್ಕೆ ಹೆತ್ತ ಮಗನ ಹೆಸರು ಬಾಯಿಗೆ ಬರಲಿಲ್ಲ ಅಂದಳು. ಸತ್ತ ಮಗನಿಗೆ ಅಳೋದಕ್ಕೂ ಇವನು ಬಿಡಲಿಲ್ಲ, ಅತ್ತರೆ ಊರಿಗೆ ತಿಳೀತದೆ ಅಂತ ಹೆದರಿಸಿದ ಅಂದಳು. ಆಗಲೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ಕಾಟವ್ವ ಆ ಮುಖವನ್ನೇ ನೋಡಿದಳು. ಮಗಳನ್ನ ತಿಂದವಳು ಅಂತ ಐದು ದಿನ ಶಪಿಸಿದ್ದ ಮುಖ ಅದು.

ಹಿರಿಯರು ನ್ಯಾಯ ಹೇಳಿದರು. ಅರ್ಧ ಮಂದೆ ಹುಟ್ಟೋ ಮಗುವಿಗೆ. ದೊಡ್ಡೀರನಿಗೆ ಏಳು ಹಟ್ಟಿಯಲ್ಲೂ ಬೆಂಕಿ ಇಲ್ಲ, ನೀರಿಲ್ಲ, ನೆರಳಿಲ್ಲ. ಈಗಿಂದೀಗಲೇ ಸೀಮೆ ಬಿಡಬೇಕು. ಅವನ ಪಾಲು, ಆ ಮನೆ, ಎಲ್ಲ ತಾಯಿಗೆ. ಅವನ ರುಮಾಲು ಬಿಚ್ಚಿಸಿದರು. ಒಂದು ಕೋಲು ಕೊಟ್ಟರು. ನೆತ್ತಿ ಸುಡೋ ಬಿಸಿಲಲ್ಲಿ ಅವನು ಬರಿಗಾಲಲ್ಲಿ ಹೊರಟ. ಆಳುಗಳು ಬರಲಿಲ್ಲ. ನಾಯಿಗಳೂ ಬರಲಿಲ್ಲ.

ಕತೆ ಮುಗೀತು ಅಂದುಕೊಂಡಿರಾ? ಅಲ್ಲಿದ್ದವರೂ ಹಾಗೇ ಅಂದುಕೊಂಡಿದ್ದರು.

ತಿಪ್ಪವ್ವ ಒಳಗೆ ಹೋಗಿ ಒಂದು ಸೋರೆಬುರುಡೆಯಲ್ಲಿ ನೀರು ತುಂಬಿಸಿಕೊಂಡು ಬಂದಳು. ಸೊಸೆಗೆ ಅಂತ ಎಲ್ಲರೂ ತಿಳಿದರು. ಅವಳು ಸೊಸೆಯನ್ನ ದಾಟಿದಳು, ಹಿರಿಯರನ್ನ ದಾಟಿದಳು, ಬೇವಿನ ಮರ ದಾಟಿದಳು. ಮಗ ಹೋದ ದಾರಿ ಹಿಡಿದಳು.

ಬೊಮ್ಮಕ್ಕ ಹೊಟ್ಟೆ ಹಿಡಕೊಂಡು ಹಿಂದೆ ಓಡಿದಳು. ಅತ್ತೆ, ಮನೆ ನಿಮ್ಮದು, ನನ್ನ ಜೀವ ಉಳಿಸಿದೋರು ನೀವು, ಎಲ್ಲಿಗೆ ಹೋಗ್ತೀರಿ ಅಂತ ಸೆರಗು ಹಿಡಿದಳು.

ತಿಪ್ಪವ್ವ ಆ ಮೋಟು ಕೂದಲಿನ ತಲೆ ಮೇಲೆ ಒಂದು ಸಲ ಕೈಯಾಡಿಸಿದಳು.

"ನಿನಗೆ ನಿಮ್ಮವ್ವ ಇದಾಳೆ. ಅವನಿಗೆ ಯಾರಿದಾರೆ?"

ಸೆರಗು ಬಿಡಿಸಿಕೊಂಡು ನಡೆದಳು. ಮಗನ ಪಕ್ಕಕ್ಕೆ ಹೋಗಲಿಲ್ಲ. ಅವನ ಜೊತೆ ಮಾತಾಡಲಿಲ್ಲ. ಅವನಿಗೂ ಅವಳಿಗೂ ನಡುವೆ ಇಪ್ಪತ್ತು ಹೆಜ್ಜೆ. ಅವನು ನಿಂತರೆ ನಿಂತಳು, ನಡೆದರೆ ನಡೆದಳು. ಕಾಟವ್ವ ಅವನ ಬೆನ್ನಿಗೆ ಶಾಪ ಹಾಕೋದಕ್ಕೆ ಬಾಯಿ ತೆರೆದಿದ್ದಳು. ತೆರೆದ ಬಾಯಿ ಹಾಗೇ ಇತ್ತು, ಶಾಪ ಬರಲಿಲ್ಲ. ಮಗಳ ಕೈಯನ್ನ ಗಟ್ಟಿಯಾಗಿ ಹಿಡಕೊಂಡು, ಅವರಿಬ್ಬರೂ ಎರಡು ಚುಕ್ಕಿ ಆಗೋವರೆಗೆ ಬಿಸಿಲಲ್ಲಿ ನಿಂತಳು.

ಅವರು ಗುಡ್ಡ ದಾಟಿದರು. ಕತೆನೂ ಅವರ ಹಿಂದೆಯೇ ಹೋಯ್ತು. ನಾವು ನೀವು ಇಲ್ಲೇ ಕೂತಿದೀವಿ. ಏಳಿ, ನೀರು ಕುಡೀರಿ.