ಹಿಂದಿನ ಕೋಣೆಯ ಕಂಪ್ಯೂಟರ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಮನೆಯ ಮೂಲೆಗಳನ್ನು ಖಾಲಿ ಮಾಡಿ ಹಗುರಾಗಿ ಬಂದು ಕುಳಿತಿರುವ ಸಭಿಕರೇ,

ಹಳೆಯ ಕಂಪ್ಯೂಟರ್, ಕೆಟ್ಟ ಫೋನು, ಯಾವುದರದೆಂದು ದೇವರಿಗೂ ಗೊತ್ತಿಲ್ಲದ ಚಾರ್ಜರು, ಇವನ್ನು ಕಸದ ತೊಟ್ಟಿಗೆ ಎಸೆಯಬೇಡಿ, ನಮ್ಮ ಸಂಘಕ್ಕೆ ಕೊಡಿ ಎಂದು ವರ್ಷಗಟ್ಟಲೆ ಬೀದಿ ಸುತ್ತಿದ್ದಕ್ಕೆ ಇಂದು ನನ್ನನ್ನು ಸನ್ಮಾನಿಸಿದ್ದೀರಿ. ನಾನು ಇದಕ್ಕೆ ಅರ್ಹನೇ? ಮೂರನೆಯ ಸಾಲಿನಲ್ಲಿರುವ ನನ್ನ ಹೆಂಡತಿಯನ್ನು ಕೇಳಿ. ನೀವು ಕೊಟ್ಟದ್ದರಲ್ಲಿ ಅರ್ಧ ನಮ್ಮ ಹಿಂದಿನ ಕೋಣೆಯಲ್ಲಿದೆ. ಏನು ಮಾಡಲಿ, ಜೀವಮಾನವೆಲ್ಲ ರಿಪೇರಿ ಮಾಡಿದ ಕೈ. ಕೆಟ್ಟ ಪ್ರಿಂಟರ್ ಕಂಡರೂ ಕರುಳು ಚುರುಕ್ಕೆನ್ನುತ್ತದೆ.

"ಊರಿಗೆಲ್ಲಾ ಬುದ್ಧಿ ಹೇಳ್ತೀರ, ನಮ್ಮನೇಲಿ ಕಾಲಿಡೋಕೆ ಜಾಗ ಇಲ್ಲ. ಇವತ್ತು ಸಂಘದ ಲಾರಿ ಬರುತ್ತಲ್ಲ, ಅದರಲ್ಲಿ ಆ ಸಾಮಾನು ಹೋಗ್ಬೇಕು, ಇಲ್ಲಾ ನಾನು ಹೋಗ್ತೀನಿ" ಎಂದು ಬೆಳಿಗ್ಗೆ ಹೇಳಿದಳು. ಸಭೆ ಮುಗಿಯಲಿ ಎಂದೆ. ಲಾರಿಯವನಿಗೆ ಕಾಯುವ ತಾಳ್ಮೆ ಇಲ್ಲವೆಂದು ನನಗೆ ಗೊತ್ತು. ಆದ್ದರಿಂದ ಭಾಷಣ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಎಲ್ಲಿದ್ದೆ? ಹಾಂ, ಕಂಪ್ಯೂಟರ್ ಕೊಡುವ ಮುಂಚೆ ನಿಮ್ಮ ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಂಡು, ಒಳಗಿರುವುದನ್ನೆಲ್ಲ ಅಳಿಸಿಬಿಡಿ. ಉಬ್ಬಿದ ಬ್ಯಾಟರಿಯನ್ನು ದಯವಿಟ್ಟು ಚುಚ್ಚಿ ನೋಡಬೇಡಿ. ಮೂರನೆಯದಾಗಿ... ಮೂರನೆಯ ಸಾಲಿನ ಆ ಕುರ್ಚಿ ಯಾಕೆ ಖಾಲಿ ಇದೆ? ಹೊರಗೆ ನಿಂತಿದ್ದ ಲಾರಿಯೂ ಕಾಣುತ್ತಿಲ್ಲ. ನಮ್ಮ ಮನೆ ಪಕ್ಕದ ಬೀದಿಯಲ್ಲೇ, ಬೀಗದ ಕೈ ಅವಳ ಹತ್ತಿರವೇ ಇದೆ.

ಹೋಗಲಿ ಬಿಡಿ. ಎಲ್ಲವೂ ಹೋಗಲಿ. ಆದರೆ ಆ ಕೋಣೆಯ ಕಿಟಕಿಯ ಕೆಳಗೆ ಒಂದು ಕಂಪ್ಯೂಟರ್ ಇದೆ. ನನ್ನ ರಿಪೇರಿ ಅಂಗಡಿ ಮುಚ್ಚಿದ ವರ್ಷ ಅವಳು ಅದರ ಮುಂದೆ ಕುಳಿತು ಟೈಪಿಂಗ್ ಕಲಿತಳು. ಕಂಡವರ ಕಾಗದ ಪತ್ರ ಟೈಪ್ ಮಾಡಿಕೊಟ್ಟು ಮಕ್ಕಳನ್ನು ಓದಿಸಿದಳು. ನಾನು ಕೆಲಸವಿಲ್ಲದೆ ಮುಖ ಸಿಂಡರಿಸಿಕೊಂಡು ಕೂತಿರುತ್ತಿದ್ದೆ. ಆ ಕೀಬೋರ್ಡಿನಲ್ಲಿ ಈಗ ಅರ್ಧ ಅಕ್ಷರಗಳಿಲ್ಲ, ಅವಳ ಬೆರಳಿಗೆ ಸವೆದುಹೋಗಿವೆ. ಬೇರೆಲ್ಲ ಆಸೆಗೆ ಕೂಡಿಟ್ಟದ್ದು. ಅದೊಂದನ್ನು ಮಾತ್ರ ಅವಳ ಋಣ ನೆನೆದು ಇಟ್ಟುಕೊಂಡೆ. ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಇವತ್ತು ಮೈಕ್ ಹಿಡಿದು ಹೇಳುತ್ತಿದ್ದೇನೆ, ಕೇಳಬೇಕಾದವಳೇ ಇಲ್ಲ.

ಬಂದಳು. ಸ್ವಲ್ಪ ದಾರಿ ಬಿಡಿ. ಕೈತುಂಬ ಧೂಳು, ಅಂದರೆ ಲಾರಿ ತುಂಬಿಸಿ ಕಳಿಸಿಯೇ ಬಂದಿದ್ದಾಳೆ. ಕಂಕುಳಲ್ಲಿರುವುದೇನು? ಆ ಕೀಬೋರ್ಡು. ನಾನು ಹೇಳದೆಯೇ ಅದನ್ನು ಉಳಿಸಿಕೊಂಡು ಬಂದಿದ್ದಾಳೆ.

ಸಭಿಕರೇ, ನೀವು ಆಗಲೇ ಕೇಳಿದ್ದೀರಿ, ಅವಳು ಕೇಳಿಲ್ಲ. ಅದಕ್ಕೆ ಇನ್ನೊಮ್ಮೆ ಹೇಳುತ್ತೇನೆ. ಆವತ್ತು ನಮ್ಮನೆ ನಿಂತದ್ದು ನಿನ್ನಿಂದ ಕಣೇ.

ಸಾಕು, ಇಳಿದು ಬನ್ನಿ ಎಂದು ಸನ್ನೆ ಮಾಡುತ್ತಿದ್ದಾಳೆ. ಸಹಿಸಿಕೊಂಡ ನಿಮಗೆಲ್ಲರಿಗೂ ವಂದನೆ. ಅವಳ ಪಕ್ಕದ ಕುರ್ಚಿಗೆ ಹೋಗುತ್ತೇನೆ, ನಮಸ್ಕಾರ.